ಸೋತವರ ಹಾಡು

ರೇಡಿಯೋ ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರ ದಿನಕರ್ಮಗಳೆಲ್ಲ ಮುಗಿದ ಮೇಲೆ. ವಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಕಾಲಿಗೆರಗಿ, ಮಕ್ಕಳನ್ನು ತೋರಿಸಿ, ಗಂಡನ ನೌಕರಿಯ ಸುದ್ದಿ ಹೇಳಿ, ಬಸ್ಸು ಹೊರಡುವ ಹೊತ್ತಿಗೆ ನೆನಪಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಕ್ಕೋರ, ನಮ್ಮ ರೇಡಿಯೋ ಕಾಕಾ ಹೋದ್ರಲ್ರಿ, ನಿಮಗ ಗೊತ್ತಾತಿಲ್ಲೋ?" ಎಂದಳು. ಮಣ್ಣಿಗೆ ಯಾರ್ಯಾರು ಬಂದಿದ್ದರು ಎಂದು ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಹೊರಟಿತು. ಯಾರ್ಯಾರು ಎನ್ನುವುದು ಸುಳ್ಳು. ನಾನು ಕೇಳಬೇಕೆಂದಿದ್ದುದು ಒಬ್ಬನ ಬಗ್ಗೆ ಮಾತ್ರ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕರೆಯಲಿಲ್ಲ, ಅವರ ಹೆಂಡತಿಯಂತೂ ಕರೆಯುವ ಪ್ರಶ್ನೆಯೇ ಇರಲಿಲ್ಲ. ಊರಿನ ಹೆಸರೂ ಬೇಡ. ಸಿಂದಗಿ ತಾಲೂಕಿನದು, ಮೋರಟಗಿಯ ಕಡೆಯಿಂದ ಬಸ್ಸು ಬರುತ್ತಿತ್ತು, ಬರದ ದಿನ ಊರಿಗೆ ಊರೇ ರಸ್ತೆ ನೋಡುತ್ತ ನಿಲ್ಲುತ್ತಿತ್ತು ಎಂದರೆ ಸಾಕು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದೆ. ಬಾಡಿಗೆಗೆ ಸಿಕ್ಕ ಖೋಲಿ ಚೌಕಿನಲ್ಲೇ ಇತ್ತು. ಮೊದಲ ಸಂಜೆ ಗಾಳಿ ಬರಲೆಂದು ಕಿಟಕಿ ತೆರೆದರೆ ಎದುರಿಗೇ ಪಂಚಾಯ್ತಿ ಕಚೇರಿ, ಅದರ ಮಾಳಿಗೆಯ ಮೇಲೆ ನನ್ನ ಮುಖಕ್ಕೇ ಬಾಯಿ ಮಾಡಿ ನಿಂತ ದೊಡ್ಡ ಸ್ಪೀಕರು.

ಆ ಕಾಲಕ್ಕೆ ಪಂಚಾಯ್ತಿಗೊಂದು ರೇಡಿಯೋ ಇರುತ್ತಿತ್ತು. ಎಲ್ಲ ಕಡೆಯೂ ಅದನ್ನು ಹಚ್ಚುವವರು, ಆರಿಸುವವರು ಇದ್ದರು, ಅಷ್ಟೇ. ನಮ್ಮ ಊರಿನಲ್ಲಿ ಅದರ ಜತೆಗೆ ಒಂದು ಮೈಕು, ಒಂದು ರಿಕಾರ್ಡಿನ ಪೆಟ್ಟಿಗೆ ಮತ್ತು ಕಾಕಾ ಇದ್ದರು. ಸ್ಪೀಕರುಗಳು ಮೂರು ಕಡೆ: ಚೌಕಿನಲ್ಲಿ, ಬಸ್ಸು ನಿಲ್ಲುವಲ್ಲಿ, ಊರ ಬಾಗಿಲಾದ ಅಗಸಿಯ ಮೇಲೆ. ಧಾರವಾಡದ ವಾರ್ತೆ ಮುಗಿಯಿತೆಂದರೆ ಕಾಕಾ ರೇಡಿಯೋ ಆರಿಸಿ ಮೈಕಿನ ಮುಂದೆ ಕೂರುತ್ತಿದ್ದರು. ಆಮೇಲೆ ಊಟದ ಹೊತ್ತಿನ ತನಕ ಹಾಡು, ಹಾಡಿನ ನಡುವೆ ಮಾತು. ನಾನು ಎರಡು ಸಂಜೆ ತಡೆದುಕೊಂಡೆ, ಮೂರನೆಯ ದಿನ ಹೋಗಿ ಜಗಳ ತೆಗೆದೆ. ಮಕ್ಕಳ ಪೇಪರು ತಿದ್ದುವುದಿದೆ, ಈ ಗದ್ದಲದಲ್ಲಿ ಹೇಗೆ ತಿದ್ದಲಿ ಎಂದೆ.

ಅವರು ಎದ್ದು ನಿಂತು ಕೇಳಿಸಿಕೊಂಡರು. ಎತ್ತರದ ಆಳು, ಬೆನ್ನು ತುಸು ಬಾಗಿತ್ತು, ಧೋತರ, ಬಿಳಿ ಅಂಗಿ, ತಲೆಯ ಮೇಲೆ ಮಾಸಿದ ಟೋಪಿ. "ಯಾವ ಹಾಡ ಹಚ್ಚಲಿರಿ ಅಕ್ಕೋರ?" ಎಂದು ಕೇಳಿದರು. ಹಾಡೇ ಬೇಡವೆಂದು ಬಂದೆ. ಆ ಸಂಜೆ ಸ್ಪೀಕರಿನಿಂದ ಬಂದ ಮೊದಲ ಮಾತು ಇದು: "ಸಾಲಿಗೆ ಹೊಸಾ ಅಕ್ಕೋರ ಬಂದಾರ್ರಿ. ಅವ್ರಿಗೆ ಸಪ್ಪಳ ಆಗಿಬರೂದಿಲ್ಲಂತ. ಅವ್ರ ಸಲುವಾಗಿ ಇವತ್ತಿನ ಮೊದಲನೇ ಹಾಡ ಸಣ್ಣ ದನೀಲೆ. ಮುಂದ ಕುಂತವ್ರು ಕೆಮ್ಮಬ್ಯಾಡ್ರಿ." ಊರಿಗೆ ಊರೇ ನಕ್ಕಿತು. ನಾನು ಸಿಟ್ಟಿನಿಂದ ಕಿಟಕಿ ಮುಚ್ಚಿದೆ. ಆಮೇಲೆ ಒಳಗೆ ಒಬ್ಬಳೇ ಕೂತು ನಕ್ಕೆ.

ಅವರು ಸದಾ ತಂಬಾಕು ಅಗಿಯುತ್ತಿದ್ದ ಮನುಷ್ಯ. ಆದರೆ ಮೈಕು ಹಚ್ಚುವ ಮೊದಲು ಹಿತ್ತಲಿಗೆ ಹೋಗಿ ಬಾಯಿ ತೊಳೆದುಕೊಂಡು ಬರುತ್ತಿದ್ದರು. "ಈ ಮಾತ ಮಂದೀ ಮನಿಯೊಳಗ ಹೊಕ್ಕತೈತ್ರಿ ಅಕ್ಕೋರ. ಚಪ್ಪಲಿ ಬಿಟ್ಟ ಹೋಗಬೇಕಲ್ಲ?" ಎಂದು ಒಮ್ಮೆ ಹೇಳಿದರು. ರಿಕಾರ್ಡನ್ನು ಧೋತರದ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಇಡುತ್ತಿದ್ದರು. ಇದ್ದ ರಿಕಾರ್ಡುಗಳು ಹೆಚ್ಚೇನಲ್ಲ. ಊರಿಗೆಲ್ಲ ಅವು ಬಾಯಿಪಾಠವಾಗಿದ್ದವು, ಎಲ್ಲಿ ಮುಳ್ಳು ಎಡವುತ್ತದೆ ಎನ್ನುವುದೂ ಗೊತ್ತಿತ್ತು. ಜನ ಬರುತ್ತಿದ್ದುದು ಹಾಡಿಗಲ್ಲ, ಮಾತಿಗೆ.

ಪಂಚಾಯ್ತಿಯ ಮುಂದೆ ಬೇವಿನ ಕಟ್ಟೆ. ಅಲ್ಲಿ ಕೂತವರು ಕೂಗಿ ಏನಾದರೂ ಕೇಳುವರು, ಕಾಕಾ ಮೈಕಿನಲ್ಲಿ ಉತ್ತರ ಕೊಡುವರು. ಕೂಗಿದವರ ಮಾತು ಕಟ್ಟೆಯಾಚೆ ಹೋಗುತ್ತಿರಲಿಲ್ಲ. ದೂರದ ಓಣಿಗಳಿಗೆಲ್ಲ ಕಾಕಾನ ಅರ್ಧ ಮಾತು ಮಾತ್ರ ಮುಟ್ಟುತ್ತಿತ್ತು. "ಏನಂದ್ರಿ? ಇಂಡಿ ಊರವ್ರ ಗೆಲ್ತಾರ? ಯಾಕ್ರಿ, ಟೀಮ್ ಚಲೋ ಐತಂತನೋ, ಹೇಣ್ತಿ ತವರ್ಮನಿ ಅಂತನೋ? ಹಾಂ, ಹಂಗ ಖರೇ ಹೇಳ್ರಿ." ಉಳಿದರ್ಧವನ್ನು ಮನೆಮನೆಯಲ್ಲಿ ಹೆಂಗಸರು ತುಂಬಿಕೊಳ್ಳುತ್ತಿದ್ದರು. ನನ್ನ ಮನೆಯೊಡತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಇದ ಆ ಟೇಲರಂದ ಪ್ರಶ್ನಿ. ಅಂವನ ಹೇಣ್ತೀನ ಇಂಡಿಯಾಕಿ" ಎಂದು ಥಟ್ಟನೆ ಹೇಳುತ್ತಿದ್ದಳು. ಆಕೆಯ ಊಹೆ ತಪ್ಪಿದ್ದನ್ನು ನಾನು ಕಾಣೆ.

ಮಾತು ಬಹುಮಟ್ಟಿಗೆ ಫುಟ್‌ಬಾಲಿನದೇ. ಬೆಳಗಾವಿಯ ಕಡೆಯ ಡ್ರಿಲ್ ಮಾಸ್ತರೊಬ್ಬರು ಎಂದೋ ಬಂದು ಈ ಎರೆಯ ಸೀಮೆಗೆ ಆ ಹುಚ್ಚು ಹಚ್ಚಿ ಹೋಗಿದ್ದರಂತೆ. ಸಂಕ್ರಾಂತಿ ಮುಗಿದ ಮೇಲೆ ದನದ ಸಂತೆಯ ಬಯಲಿನಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಇಂಡಿ, ಬಾಗೇವಾಡಿ, ತಾಳಿಕೋಟೆ, ಮುದ್ದೇಬಿಹಾಳದಿಂದ ಹುಡುಗರು ಲಾರಿ ಹತ್ತಿ ಬರುತ್ತಿದ್ದರು. ನಮ್ಮ ಊರಿನವರು ನಮ್ಮ ಊರಿನ ಟೀಮಿನ ಕಡೆಯೇ ಇರಬೇಕೆಂದೇನೂ ಇರಲಿಲ್ಲ. ಹೆಂಡತಿಯ ತವರು ಇಂಡಿ ಆಗಿದ್ದವನು ಇಂಡಿಯ ಕಡೆ, ಬಾಗೇವಾಡಿ ಹತ್ತಿರದ ಗೊಳಸಂಗಿಯಿಂದ ಬಂದು ನೆಲೆಸಿದ ಬಡಿಗ ಬಾಗೇವಾಡಿಯ ಕಡೆ. ಯಾರು ಯಾರ ಬೀಗರೆಂದು ತಿಳಿಯಬೇಕಾದರೆ ಪಂದ್ಯದ ದಿನ ಯಾರು ಎಲ್ಲಿ ಕೂತಿದ್ದಾರೆಂದು ನೋಡಿದರೆ ಆಗುತ್ತಿತ್ತು.

ಕಾಕಾ ಯಾರನ್ನೂ ಬಿಡುತ್ತಿರಲಿಲ್ಲ. "ಇಂಡಿಯವ್ರು ಚಂಡ ಒದಿಯೂದಿಲ್ರಿ, ಲಿಂಬಿಹಣ್ಣ ಆರಿಸಿದಂಗ ಆರಿಸಿಕೋತ ಕುಂಡರ್ತಾರ." "ಬಾಗೇವಾಡಿಯವ್ರು ಗೋಲ್ ಹೊಡದ್ರೂ ಶರಣ್ರೀ ಅಂತಾರ, ಹೊಡಿಸ್ಕೊಂಡ್ರೂ ಶರಣ್ರೀ ಅಂತಾರ." "ತಾಳಿಕೋಟಿಯವ್ರಿಗೆ ಯಾರರೇ ಹೇಳ್ರಪಾ, ಆ ಯುದ್ಧ ಮುಗದ ಭಾಳ ದಿನಾ ಆತು." ಬೈಸಿಕೊಂಡವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಕಾಕಾ ತಾನು ಯಾರ ಕಡೆ ಎಂದು ಮಾತ್ರ ಎಂದೂ ಹೇಳಲಿಲ್ಲ. ಕೇಳಿದರೆ, "ನಾ ಮೈಕಿನ ಕಡೇದಾಂವ್ರಿ" ಎನ್ನುತ್ತಿದ್ದರು.

ಅವರಿಗೆ ಎರಡು ಪದ್ಧತಿಗಳಿದ್ದವು. ಊರಿನವರು ಅವನ್ನು ದೇವರ ಪೂಜೆಯಷ್ಟೇ ಖಚಿತವೆಂದು ತಿಳಿದಿದ್ದರು.

ಒಂದು, ಮೊದಲ ಹಾಡಿಗೆ ಮುಂಚೆ ಅವರು ಮೈಕಿನಲ್ಲಿ, "ಅಗಸ್ಯಾಗ ಕೇಳಸ್ತೈತೇನ್ರಿ?" ಎಂದು ಕೇಳುವರು. ಎಲ್ಲಕ್ಕಿಂತ ದೂರದ ಸ್ಪೀಕರು ಅದು, ತಂತಿ ಪದೇ ಪದೇ ಕೆಡುತ್ತಿತ್ತು. ಅಗಸಿಯ ಬದಿಗೆ ಒಂದು ಸೈಕಲ್ ಅಂಗಡಿ. ಕಾಕಾನ ಒಬ್ಬನೇ ಮಗ ಅಲ್ಲಿ ರಿಪೇರಿ ಕೆಲಸಕ್ಕಿದ್ದ. ಆತ ಕೈಗೆ ಸಿಕ್ಕ ಸೈಕಲ್ಲಿನ ಗಂಟೆಯನ್ನು ಜೋರಾಗಿ ಬಾರಿಸುವನು. ಸಂಜೆಯ ಗಾಳಿಯಲ್ಲಿ ಅದು ಚೌಕಿನ ತನಕ ಕೇಳಿಸುತ್ತಿತ್ತು. ಗಂಟೆ ಬಾರದೆ ಹಾಡಿಲ್ಲ. ಒಮ್ಮೆ ಆತ ಊರಲ್ಲಿಲ್ಲದಾಗ ಅಂಗಡಿಯ ಮಾಲಕ ಓಡಿಬಂದು, "ಕೇಳಸ್ತೈತಿ, ಹಚ್ಚೋ ಮಾರಾಯಾ" ಎಂದ ಮೇಲೆಯೇ ಮುಳ್ಳು ರಿಕಾರ್ಡಿನ ಮೇಲೆ ಇಳಿಯಿತು.

ಇನ್ನೊಂದು, ಪಂದ್ಯವಿದ್ದ ದಿನದ ಮೊದಲ ಹಾಡು ಸೋತವರದು. ಯಾವ ಊರಿನವರೇ ಇರಲಿ, ಸೋತ ಹನ್ನೊಂದೂ ಹುಡುಗರ ಹೆಸರನ್ನು ಕಾಕಾ ಚೀಟಿ ನೋಡದೆ ಹೇಳುವರು, ಮುಂದೆ ಆಡುವವರಿಂದ ಶುರುಮಾಡಿ ಗೋಲ್‌ಕೀಪರನ ತನಕ. ಆಮೇಲೆ ಅವರಿಗಾಗಿ ಒಂದು ಹಾಡು. ಸೋತ ಹುಡುಗರು ಲಾರಿ ಹತ್ತದೆ ತಮ್ಮ ಹೆಸರು ಕೇಳಿಸಿಕೊಂಡು ಹೋಗಲು ಚೌಕಿನಲ್ಲಿ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ಗೆದ್ದವರಿಗೆ ಏಕೆ ಇಲ್ಲ ಎಂದು ಕೇಳಿದ್ದಕ್ಕೆ ಕಾಕಾ, "ಗೆದ್ದವ್ರನ್ನ ಹೆಗಲ ಮ್ಯಾಲ ಹೊರಾಕ ಊರ ಐತಲ್ರಿ. ಇವ್ರಿಗೆ ಯಾರದಾರ?" ಎಂದರು.

ನನ್ನ ಶಾಲೆಯ ಹುಡುಗಿಯರು ಒಮ್ಮೆ ಬಾಗೇವಾಡಿಗೆ ಖೋಖೋ ಆಡಲು ಹೋಗಿ ಕೆಟ್ಟದಾಗಿ ಸೋತು ಬಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದರು. ಇಳಿಯುವ ಹೊತ್ತಿಗೆ ಸ್ಪೀಕರಿನಲ್ಲಿ ಅವರ ಹೆಸರು. ಮುಖ ಒರೆಸಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು, ನಿಂತಲ್ಲೇ ನಿಂತು ಕೇಳಿದರು. ಮರುದಿನ ಒಬ್ಬ ಹುಡುಗಿಯ ಅಪ್ಪ ಪಂಚಾಯ್ತಿಗೆ ಹೋಗಿ, ವಯಸ್ಸಿಗೆ ಬಂದ ಹುಡುಗಿಯ ಹೆಸರನ್ನು ಚೌಕಿನಲ್ಲಿ ಕೂಗುವುದೆಂದರೇನು ಎಂದು ಹಾರಾಡಿದ. ಕಾಕಾ ಅವನನ್ನು ಕೂರಿಸಿ ಚಹಾ ತರಿಸಿ, "ಆಕಿ ಗೆದ್ದ ಬಂದಿದ್ರ ನೀವ ಹೆಸರ ಹೇಳ್ಕೋತ ತಿರಗತಿದ್ರೋ ಇಲ್ಲೋ? ಸೋತಾಕಿ ನಿಮ್ಮ ಮಗಳ ಅಲ್ಲೇನ್ರಿ?" ಎಂದರಂತೆ. ಆ ಅಪ್ಪ ಚಹಾ ಕುಡಿದು ಎದ್ದು ಹೋದ. ಈ ಮಾತನ್ನು ಹೇಳಿದ ಮನುಷ್ಯನೇ ಮುಂದೆ ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ.

ಕಾಕಾ ಹುಟ್ಟಿದ್ದು ಮುದ್ದೇಬಿಹಾಳದಲ್ಲಿ. ನಮ್ಮ ಊರಿಗೆ ಮನೆಅಳಿಯನಾಗಿ ಬಂದವರು. ಅವರ ತಂಗಿ ಇನ್ನೂ ಅಲ್ಲೇ ಇದ್ದಳು, ಆಕೆಯ ಮಗಳನ್ನು ಇವರ ಮಗನಿಗೆ ತರುವುದೆಂದು ಮಾತಾಗಿತ್ತು. ಆ ಮಗ ನಮ್ಮ ಊರ ಟೀಮಿನ ಗೋಲ್‌ಕೀಪರ್. ಅಪ್ಪನ ಎತ್ತರ, ಅಪ್ಪನ ಉದ್ದನೆಯ ಕೈ, ಆದರೆ ಮಾತು ಮಾತ್ರ ಅಪ್ಪನದಲ್ಲ. ನನ್ನ ಸೈಕಲ್ಲಿಗೆ ಗಾಳಿ ಹಾಕಿಕೊಡುವಾಗಲೂ ತಲೆ ಎತ್ತುತ್ತಿರಲಿಲ್ಲ. ಅವನು ಗಟ್ಟಿಯಾಗಿ ಏನಾದರೂ ಹೇಳುತ್ತಿದ್ದನೆಂದರೆ ಅದು ಆ ಗಂಟೆಯೊಂದೇ.

ಆ ವರ್ಷ ಫೈನಲ್ಲಿಗೆ ಬಂದವರು ನಮ್ಮವರು ಮತ್ತು ಮುದ್ದೇಬಿಹಾಳದವರು. ಹಿಂದಿನ ಸಂಜೆ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಟೇಲರನೋ ಯಾರೋ ಕೂಗಿದ ಮಾತು ನನ್ನ ಕಿಟಕಿಗೂ ಕೇಳಿಸಿತು. "ಎಲ್ಲಾ ಊರಿಗೂ ಚಾಷ್ಟಿ ಮಾಡ್ತೀರಿ ಕಾಕಾ, ಮುದ್ದೇಬಿಹಾಳದ್ದ ಬಂದ್ರ ಬಾಯಿ ಬಿಡೂದಿಲ್ಲ. ಹುಟ್ಟಿದೂರಂತ ಬಿಟ್ಟೀರೇನ?" ನಿಜವೇ ಆಗಿತ್ತು, ಆ ಊರಿನ ಬಗ್ಗೆ ಅವರು ಎಂದೂ ಚಕಾರವೆತ್ತಿರಲಿಲ್ಲ. ಪಕ್ಷಪಾತಿ ಎಂದು ಯಾರಾದರೂ ಅಂದರೆ ಅವರಿಗೆ ಮೈಮೇಲೆ ಬಿಸಿನೀರು ಬಿದ್ದಂತಾಗುತ್ತಿತ್ತು. ಯಾರ ಮನೆಯನ್ನೂ ಬಿಡದವನು ತನ್ನ ಮನೆಯನ್ನೂ ಬಿಡಬಾರದು ಎಂದುಕೊಂಡಿರಬೇಕು.

"ಬಿಟ್ಟಿಲ್ಲರೀ," ಎಂದರು. "ಮುದ್ದೇಬಿಹಾಳದವ್ರದ್ದ ಏನ ಹೇಳೂದೈತಿ? ನಮ್ಮ ಗೋಲ್‌ಕೀಪರಗ ಅಲ್ಲೆ ಹೆಣ್ಣ ಗೊತ್ತಾಗೇತಿ. ಬೀಗರ ಬಾಗಲಿಗೆ ಬಂದ್ರ ಅಂವಾ ಒಂದ ಗೋಲ್ ಉಡುಗೊರಿ ಕೊಟ್ಟ ಕಳಸ್ತಾನೋ ಏನೋ, ಕೈ ಭಾಳ ದೊಡ್ಡದೈತಿ ಮಗಂದು!"

ಕಟ್ಟೆ ನಕ್ಕಿತು, ಓಣಿಗಳು ನಕ್ಕವು. ಅಗಸಿಯಿಂದ ಗಂಟೆಯೂ ಒಮ್ಮೆ ಕೇಳಿಸಿತು. ಮಗನೂ ನಕ್ಕಿದ್ದನೆಂದು ಆ ಗಂಟೆಯಿಂದ ಗೊತ್ತಾಯಿತು. ನಾನೂ ನಕ್ಕೆ.

ಪಂದ್ಯದ ದಿನ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಮಗೆ ಬೆಂಚು ಹಾಕಿದ್ದು ನಮ್ಮ ಊರಿನ ಗೋಲಿನ ಹಿಂದೆ. ಎರೆ ನೆಲ ಬೇಸಿಗೆ ಹತ್ತಿರವಾದಂತೆ ಬಿರಿಯುತ್ತದೆ. ಆಡುವ ಹುಡುಗರೇ ಬೆಳಗ್ಗೆ ಬಂದು ಬಿರುಕುಗಳಿಗೆ ಮಣ್ಣು ತುಂಬಿ ನೀರು ಹೊಡೆದು ತುಳಿಯುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಅವು ಮತ್ತೆ ಬಾಯಿ ಬಿಡುತ್ತಿದ್ದವು. ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿರುವಾಗ ಮುದ್ದೇಬಿಹಾಳದ ಹುಡುಗನೊಬ್ಬ ದೂರದಿಂದ ಒದ್ದ. ಅದರಲ್ಲಿ ಜೋರೇನೂ ಇರಲಿಲ್ಲ, ಚೆಂಡು ನೆಲದ ಮೇಲೆ ಉರುಳುತ್ತ ಬಂತು. ಕಾಕಾನ ಮಗ ಬಗ್ಗಿ ಎರಡೂ ಕೈ ಚಾಚಿ ಕಾದಿದ್ದ. ಅವನ ಮುಂದೆಯೇ ಒಂದು ಬಿರುಕಿತ್ತು. ಚೆಂಡು ಅದರ ಅಂಚಿಗೆ ಬಡಿದು ಪಕ್ಕಕ್ಕೆ ಹೊರಳಿತು, ಅವನ ಕೈ ಇದ್ದಲ್ಲೇ ಇತ್ತು, ಚೆಂಡು ಒಳಗೆ ಹೋಯಿತು. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಯಾರು ಕೇಳಿದರೂ ಹೇಳಿದ್ದೇನೆ. "ಅಕ್ಕೋರಿಗೆ ಫುಟ್‌ಬಾಲ್ ಏನ ತಿಳೀತೈತ್ರಿ" ಎಂದು ಜನ ನನ್ನ ಬಾಯಿ ಮುಚ್ಚಿಸಿದರು.

ದೂರದಲ್ಲಿ ಕೂತವರಿಗೆ ಬಿರುಕು ಕಾಣಲಿಲ್ಲ. ಅವರಿಗೆ ಕಂಡದ್ದು ಸುಮ್ಮನೆ ಬಗ್ಗಿ ನಿಂತ ಗೋಲ್‌ಕೀಪರ್ ಮತ್ತು ಅವನ ಬದಿಯಿಂದ ಮೆಲ್ಲಗೆ ಒಳಗೆ ಹೋದ ಚೆಂಡು. ಯಾರೋ ಒಬ್ಬ, "ಉಡುಗೊರಿ ಕೊಟ್ನಲ್ಲೋ!" ಎಂದು ಕೂಗಿದ. ಅದನ್ನು ಇನ್ನೊಬ್ಬ ಹಿಡಿದ, ಇನ್ನೊಬ್ಬ ಹಿಡಿದ. ಬಯಲಿನಿಂದ ಊರಿಗೆ ಬರುವಷ್ಟರಲ್ಲಿ ಚೇಷ್ಟೆ ಹೋಗಿ ಅದು ಆರೋಪವಾಗಿತ್ತು. ಅಪ್ಪನೇ ಮೈಕಿನಲ್ಲಿ ಮೊದಲೇ ಹೇಳಿದ್ದಾನಲ್ಲ ಎಂದರು. ಅಪ್ಪನ ಊರಿಗೆ, ಅತ್ತೆಯ ಮನೆಗೆ ಮಗ ಪಂದ್ಯ ಬಿಟ್ಟುಕೊಟ್ಟ ಎಂದರು. ಅಗಸಿಯ ಹತ್ತಿರ ಅವನ ಅಂಗಿ ಹಿಡಿದು ಎಳೆದರಂತೆ. ಅವನು ತಿರುಗಿ ಕೈ ಎತ್ತಲಿಲ್ಲ, ಅಂಗಡಿಯೊಳಗೆ ಹೋಗಿ ಕೂತ.

ಸಂಜೆ ವಾರ್ತೆ ಮುಗಿಯಿತು. ಚೌಕಿನಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾರೂ ಕೂಗುತ್ತಿರಲಿಲ್ಲ, ಏನು ಹೇಳುತ್ತಾರೋ ನೋಡೋಣವೆಂದು ಬಂದವರು. ಕಾಕಾ ಹೆಸರು ಹೇಳಲು ಶುರುಮಾಡಿದರು. ಧ್ವನಿ ಸರಿಯಾಗಿಯೇ ಇತ್ತು. ಹತ್ತು ಹೆಸರುಗಳಾದವು. ಗೋಲ್‌ಕೀಪರನ ಹೆಸರು ಯಾವಾಗಲೂ ಕೊನೆಗೆ. ನಾವೆಲ್ಲ ಕಾದೆವು. ಮೈಕಿನಲ್ಲಿ ಉಸಿರು ಕೇಳಿಸಿತು. ಆಮೇಲೆ ಹಾಡು ಕೇಳಿಸಿತು.

ಅಗಸಿಯನ್ನು ಕೇಳಲೂ ಇಲ್ಲ, ಗಂಟೆಗೆ ಕಾಯಲೂ ಇಲ್ಲ. ಆ ಹೊತ್ತಿಗೆ ಮಗ ಅಂಗಡಿಯಲ್ಲಿ ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದನೆಂದು ಮಾಲಕ ನನಗೆ ಮುಂದೆ ಹೇಳಿದ. "ಗಂಟಿ ಮ್ಯಾಲ ಬೆರಳ ಇಟ್ಕೊಂಡ ನಿಂತಿದ್ದ್ರಿ. ಹಾಡ ಮುಗಿಯೂತನಕಾ ಬೆರಳ ತಗೀಲಿಲ್ಲ." ಬೆಳಗಿನ ಸೊಲ್ಲಾಪುರದ ಬಸ್ಸಿಗೆ ಅವನು ಊರು ಬಿಟ್ಟ.

ಎರಡು ದಿನ ಬಿಟ್ಟು ನಾನು ಪಂಚಾಯ್ತಿಗೆ ಹೋಗಿ ನೇರವಾಗಿ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. ಅವರು ರಿಕಾರ್ಡು ಒರೆಸುತ್ತಲೇ ಇದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. "ನನ್ನ ಮಗನ ಹೆಸರ ನಾನ ಹೇಳಿದ್ರ, ಮಗನ ತಪ್ಪ ಮುಚ್ಚಿಹಾಕಾಕತ್ತಾನ ಅಂತಿದ್ರಲ್ರಿ ಅಕ್ಕೋರ? ಇಷ್ಟ ವರ್ಷ ಯಾರ ಕಡೀನೂ ಹಿಡಿದಿಲ್ಲ."

"ಹೇಳದೇ ಇದ್ದುದಕ್ಕೆ ಏನಂದರು ಗೊತ್ತೇ? ಅಪ್ಪನೇ ಒಪ್ಪಿಕೊಂಡ ಎಂದರು," ಎಂದೆ.

ಅವರ ಕೈ ನಿಂತಿತು. ಅದು ಅವರಿಗೆ ಹೊಳೆದೇ ಇರಲಿಲ್ಲ. ಆ ಮುಖ ನೋಡಿದ ಮೇಲೆ ನನಗೆ ಸಿಟ್ಟು ಮಾಡಲು ಆಗಲಿಲ್ಲ. ಊರಿಗೆಲ್ಲ ಮಾತು ಕಲಿಸಿದ ಮನುಷ್ಯ, ಒಂದು ಮೌನ ಏನು ಹೇಳುತ್ತದೆ ಎಂದು ಎಣಿಸಿರಲಿಲ್ಲ.

ಪಂದ್ಯದ ಮೇಲೆ ಓಣಿಗಳಲ್ಲಿ ಒಂದೆರಡು ಹೊಡೆದಾಟಗಳಾದವು. ಇನ್ನು ಮೈಕಿನಲ್ಲಿ ಮಾತು ಬೇಡ, ರೇಡಿಯೋ ಹಚ್ಚುವುದು, ಆರಿಸುವುದು, ಅಷ್ಟು ಸಾಕು ಎಂದು ಪಂಚಾಯ್ತಿಯ ಹಿರಿಯರು ಹೇಳಿದರು. ಹೇಳದಿದ್ದರೂ ಅವರು ಮಾತಾಡುತ್ತಿರಲಿಲ್ಲವೆಂದು ನನಗನ್ನಿಸುತ್ತದೆ. ಕಟ್ಟೆಯ ಮೇಲೆ ಜನ ಕಡಿಮೆಯಾದರು. ಮುದ್ದೇಬಿಹಾಳದ ಹುಡುಗಿಯನ್ನು ಬೇರೆ ಕಡೆ ಕೊಟ್ಟರು. ಮುಂಚೆ ಸಂಜೆಯ ಚಹಾವನ್ನು ಕಾಕಾನ ಹೆಂಡತಿ ತಾವೇ ತಂಬಿಗೆಯಲ್ಲಿ ಕಚೇರಿಗೆ ತರುತ್ತಿದ್ದರು, ಅದನ್ನು ನಿಲ್ಲಿಸಿದರು. ನಾನೊಮ್ಮೆ ಅವರ ಮನೆಗೆ ಹೋಗಿದ್ದಾಗ ವಾರ್ತೆ ಶುರುವಾಯಿತು. ಆಕೆ ಎದ್ದು ಬಾಗಿಲು ಮುಂದೆ ಮಾಡಿದರು. "ನನ್ನ ಮಗನ ಹೆಸರ ಒಲ್ಲದ ಮೈಕ, ನನಗೂ ಬ್ಯಾಡ್ರಿ" ಎಂದರು. ಗಂಡನ ಮೇಲೆ ಅವರು ಆಡಿದ ದೂರು ನಾನು ಕೇಳಿದಂತೆ ಅದೊಂದೇ.

ಮರುವರ್ಷ ಕಾಕಾ ಸೊಲ್ಲಾಪುರಕ್ಕೆ ಹೋಗಿ ಬಂದರು. ಮಗ ಅಲ್ಲಿ ಮಿಲ್ಲಿನ ಕೆಲಸದಲ್ಲಿದ್ದಾನೆಂದು ಯಾರೋ ಹೇಳಿದ್ದರು. ಬಂದವರು ಮನೆಗೂ ಹೋಗದೆ ನನ್ನ ಖೋಲಿಯ ಹೊಸ್ತಿಲ ಮೇಲೆ ಕೂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅದಾನ್ರಿ. ಸೊರಗ್ಯಾನ. ಹೋಟೆಲ್ಲಿಗೆ ಕರಕೊಂಡ ಹೋಗಿ ಉಣಿಸಿದ. ಅವ್ವ ಹ್ಯಾಂಗದಾಳ ಅಂದ, ಇಷ್ಟ. ಬಸ್ಸ ಹತ್ತೂ ಮುಂದ ಕೇಳಿದ, 'ಅಪ್ಪಾ, ನೀನೂ ಹಂಗ ಅನ್ಕೊಂಡಿದ್ದೇನ?' ಅಂತ. ಇಲ್ಲೋ ತಮ್ಮಾ, ಒಂದ ದಿನಾನೂ ಅನ್ಕೊಂಡಿಲ್ಲ ಅಂದೆ."

"ಅದಕ್ಕವನು ಏನೆಂದ?"

"'ಹಂಗಾರ ಅದನ್ನ ಊರಿಗೆ ಹೇಳಬೇಕಾಗಿತ್ತು, ನನಗ ಹೇಳಿ ಏನ ಮಾಡ್ತಿ' ಅಂದ."

ಹಾಗಾದರೆ ಈಗಲಾದರೂ ಹೇಳಿ, ಹಿರಿಯರ ಮಾತು ಹಾಳಾಗಿ ಹೋಗಲಿ ಎಂದೆ. ಅವರು ತಲೆಯಾಡಿಸಿದರು. "ದಿನಾ ಬಾಯಿ ತೊಳಕೊಂಡ ಕುಂಡರ್ತೇನ್ರಿ ಅಕ್ಕೋರ. ಮೈಕಿನ ಗುಂಡಿಗೆ ಕೈ ಹೋಗತೈತಿ. ಮಗನ ಹೆಸರಿನ ತನಕಾ ಬಾಯಿ ಹೋಗೂದಿಲ್ಲ." ಆ ಮಾತು ಹೇಳುವಾಗ ಅವರು ಅತ್ತರು. ದೊಡ್ಡ ಗಂಡಸು ಹಾಗೆ ಅಳುವುದನ್ನು ನೋಡುವುದು ಕಷ್ಟ. ನಾನು ಒಳಗೆ ಹೋಗಿ ನೀರು ತರುವ ನೆವದಲ್ಲಿ ತಡಮಾಡಿದೆ.

ಹೀಗೇ ವರ್ಷಗಳು ಹೋದವು. ಮಗ ಸೊಲ್ಲಾಪುರದಿಂದ ಮುಂಬಯಿಗೆ ಹೋದನೆಂದು ಸುದ್ದಿ ಬಂತು, ಅಲ್ಲಿಂದ ಮುಂದೆ ಸುದ್ದಿಯೂ ಇಲ್ಲ. ತಾಯಿ ಒಂದು ಬೇಸಿಗೆಯಲ್ಲಿ ತೀರಿಕೊಂಡರು, ಅವನಿಗೆ ತಿಳಿಸಲು ಯಾರಿಗೂ ವಿಳಾಸ ಗೊತ್ತಿರಲಿಲ್ಲ. ಅಗಸಿಯ ಸೈಕಲ್ ಅಂಗಡಿ ಇದ್ದಲ್ಲಿ ಹಿಟ್ಟಿನ ಗಿರಣಿ ಬಂತು. ಊರಿನಲ್ಲಿ ಟ್ರಾನ್ಸಿಸ್ಟರುಗಳು ಹೆಚ್ಚಿದವು, ಹೊಲಕ್ಕೆ ಹೋಗುವವರು ಎತ್ತಿನ ಕೊಂಬಿಗೆ ತೂಗುಹಾಕಿಕೊಂಡು ಹೋಗುತ್ತಿದ್ದರು. ಪಂಚಾಯ್ತಿಯ ರೇಡಿಯೋ ಯಾರಿಗೂ ಬೇಡವಾಯಿತು. ದಶಕ ಮುಗಿಯುತ್ತ ಬಂದಾಗ ಸ್ಪೀಕರುಗಳನ್ನು ಇಳಿಸುವುದೆಂದು ತೀರ್ಮಾನವಾಯಿತು. ಕಾಕಾನಿಗೂ ವಯಸ್ಸಾಗಿತ್ತು, ಅವರನ್ನೂ ಅದರ ಜತೆಗೇ ಬಿಡುಗಡೆ ಮಾಡಿದರು.

ಕೊನೆಯ ಸಂಜೆ ಪಂಚಾಯ್ತಿಯವರು ಒಂದು ಹಾರ ಹಾಕಿ, ಶಾಲು ಹೊದಿಸಿ ಹೋದರು. ವಾರ್ತೆಯಾಯಿತು. ನಾನು ಕಿಟಕಿಯಲ್ಲಿ ಕೂತಿದ್ದೆ. ಕಾಕಾ ರೇಡಿಯೋ ಆರಿಸಿ ಹಿತ್ತಲಿಗೆ ಹೋಗಿ ಬಂದರು, ಒದ್ದೆ ಬಾಯಿಯನ್ನು ಶಾಲಿನಿಂದ ಒರೆಸಿಕೊಂಡರು. ಪೆಟ್ಟಿಗೆಯಿಂದ ಒಂದು ರಿಕಾರ್ಡು ತೆಗೆದು, ಒರೆಸಿ, ಬೆಳಕಿಗೆ ಹಿಡಿದು, ಇಟ್ಟು ತಿರುಗಿಸಿದರು. ಮುಳ್ಳನ್ನು ಇಳಿಸದೆ ಕೈಯಲ್ಲೇ ಹಿಡಿದುಕೊಂಡು ಮೈಕಿಗೆ ಬಾಯಿ ಕೊಟ್ಟರು.

ಹೆಸರುಗಳು. ಮೊದಲ ಹೆಸರು ಬಂದಾಗ ಯಾರಿಗೂ ಅರ್ಥವಾಗಲಿಲ್ಲ. ಮೂರನೆಯ ಹೆಸರು ಎದುರಿನ ಕಿರಾಣಿ ಅಂಗಡಿಯವನದು, ಆ ಫೈನಲ್ಲಿನ ವರ್ಷ ನಮ್ಮ ಊರ ಟೀಮಿನ ಕ್ಯಾಪ್ಟನ್. ಈಗ ಹೊಟ್ಟೆ ಬಂದಿತ್ತು, ಮಕ್ಕಳಿದ್ದರು. ಅವನು ಬೆಲ್ಲ ತೂಗುತ್ತಿದ್ದವನು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತ. ಓಣಿಗಳಿಂದ ಜನ ಬರತೊಡಗಿದರು. ನನ್ನ ಮನೆಯೊಡತಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನನ್ನ ಪಕ್ಕಕ್ಕೆ ಬಂದಳು. ಹತ್ತೂ ಹೆಸರುಗಳಾದವು. ಅಲ್ಲಿ ಅವರು ನಿಂತರು, ಅಂದು ನಿಂತಲ್ಲೇ.

ಆಮೇಲೆ ಮಗನ ಹೆಸರು ಹೇಳಿದರು.

"ಗೋಲ್‌ಕೀಪರ್ರಿ. ನನ್ನ ಮಗ. ಅಂವಾ ಬಿಟ್ಟಕೊಡಲಿಲ್ರಿ. ನೆಲಾ ಬಿರದಿತ್ತು, ಚಂಡ ಹೊಳ್ಳಿತು. ಉಡುಗೊರಿ ಮಾತ ಆಡಿದಾಂವ ನಾನು. ಹೆಸರ ಬಿಟ್ಟಾಂವನೂ ನಾನು. ಅಂವಂದೇನೂ ತಪ್ಪಿಲ್ಲ."

ಕ್ಯಾಪ್ಟನ್ ಆಗಿದ್ದವನು ತಲೆ ತಗ್ಗಿಸಿದ. ಇಷ್ಟು ವರ್ಷ ನಾನು ಹೇಳಿದರೆ ನಗುತ್ತಿದ್ದವರೆಲ್ಲ ಅಲ್ಲಿದ್ದರು, ಎಲ್ಲರೂ ಕೇಳಿದರು. ಕೇಳಬೇಕಾದ ಇಬ್ಬರಲ್ಲಿ ಒಬ್ಬಾಕೆ ಮಣ್ಣಿನಲ್ಲಿದ್ದರು. ಇನ್ನೊಬ್ಬ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಕಾಕಾ ಮೈಕಿಗೆ ಇನ್ನಷ್ಟು ಹತ್ತಿರವಾದರು. ಅಗಸಿಯ ಕಡೆ ಮುಖ ತಿರುಗಿಸಿ, "ಕೇಳಸ್ತೈತೇನೋ ತಮ್ಮಾ?" ಎಂದರು.

ಸೈಕಲ್ ಹಿಡಿದು ನಿಂತವರು ಚೌಕಿನಲ್ಲಿ ಬಹಳ ಜನ ಇದ್ದರು. ಒಬ್ಬನ ಕೈಯೂ ಗಂಟೆಯ ಮೇಲೆ ಹೋಗಲಿಲ್ಲ. ಅದು ತಮ್ಮ ಉತ್ತರವಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಮನೆಯೊಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಗಸಿಯ ಕಡೆಯಿಂದ ಗಿರಣಿಯ ಸದ್ದು ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಅದನ್ನೂ ಯಾರೋ ನಿಲ್ಲಿಸಿದರು.

ಕಾಕಾನ ಮಣ್ಣಿಗೆ ಮಗ ಬಂದಿದ್ದನೇ ಎಂದು ಯಾರಿಗಾದರೂ ಕಾಗದ ಬರೆದು ಕೇಳಬಹುದು. ನಾನು ಕೇಳಿಲ್ಲ. ಇಲ್ಲ ಎಂಬ ಉತ್ತರ ಓದುವ ಧೈರ್ಯ ನನಗಿಲ್ಲ.

ಆ ಕೊನೆಯ ಸಂಜೆ ಕಾಕಾ ಬಹಳ ಹೊತ್ತು ಕಾದರು. ರಿಕಾರ್ಡು ಸುಮ್ಮನೆ ತಿರುಗುತ್ತಿತ್ತು, ಮುಳ್ಳು ಅವರ ಕೈಯಲ್ಲಿತ್ತು. ಅಗಸಿಯಿಂದ ಗಂಟೆ ಬಾರದೆ ಹಾಡು ಹಚ್ಚುವ ತಪ್ಪನ್ನು ಅವರು ಒಮ್ಮೆ ಮಾಡಿದ್ದರು. ಎರಡನೆಯ ಸಲ ಮಾಡಲಿಲ್ಲ. ಮುಳ್ಳನ್ನು ಅದರ ಜಾಗದಲ್ಲಿ ಇಟ್ಟು, ರಿಕಾರ್ಡನ್ನು ಎತ್ತಿ ಚೀಲಕ್ಕೆ ಹಾಕಿ, ಮೈಕು ಆರಿಸಿದರು.